ಮಾಲ್ಟಾದ ಮನೆ ಗೋಡೆ ಬೆವರೋದು ಯಾಕೆ

ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪ ದೇಶ ಮಾಲ್ಟಾಕ್ಕೆ ಕೆಲಸಕ್ಕೆ ಅಂತ ಬರೋ ನಮ್ಮ ಹುಡುಗ್ರು ಈಗ ಜಾಸ್ತಿ ಆಗಿದಾರೆ, ಆಸ್ಪತ್ರೆ, ಹೋಟೆಲ್, ಡೆಲಿವರಿ ಅಂತ. ಬರೋಕೆ ಮುಂಚೆ ಎಲ್ಲರೂ ಕೇಳೋದು ಒಂದೇ, ಚಳಿ ಎಷ್ಟಿರುತ್ತೆ ಸಾರ್ ಅಂತ. ಜನವರಿಲಿ ರಾತ್ರಿ 9-10 ಡಿಗ್ರಿ, ಹಗಲು 15-16 ಅಂದ್ರೆ ಅಷ್ಟೇನಾ ಅಂತಾರೆ. ಒಂದು ಚಳಿಗಾಲ ಕಳೆದ ಮೇಲೆ ಅವರೇ ಫೋನ್ ಮಾಡಿ, ಹೊರಗಿಗಿಂತ ಮನೆ ಒಳಗೇ ಚಳಿ, ಹೊದಿಕೆ ಎಲ್ಲ ತಣ್ಣಗೆ ಒದ್ದೆ ಒದ್ದೆ, ವಾರ್ಡ್‌ರೋಬ್ ಹಿಂದೆ ಕಪ್ಪಗೆ ಬೂಷ್ಟು ಹಿಡಿದಿದೆ ಏನ್ಮಾಡೋದು ಅಂತಾರೆ. ನಾನು ಸಿವಿಲ್ ಇಂಜಿನಿಯರ್, ಇಲ್ಲಿ ಹಳೇ ಕಟ್ಟಡಗಳ ತೇವ, ಸೋರಿಕೆ ರಿಪೇರಿ ನನ್ನ ಕೆಲಸ, ಹಾಗಾಗಿ ಇಲ್ಲಿನ ಹವಾಮಾನನ ಗೋಡೆ ಕಡೆಯಿಂದಾನೇ ಹೇಳ್ತೀನಿ.

ಇಡೀ ದೇಶ 316 ಚದರ ಕಿಲೋಮೀಟರ್, ಅತಿ ಎತ್ತರದ ಜಾಗ 253 ಮೀಟರ್, ಬೆಟ್ಟ ಇಲ್ಲ, ವರ್ಷವಿಡೀ ಹರಿಯೋ ನದಿ ಇಲ್ಲ. ಸುತ್ತ ಸಮುದ್ರ ಇದೆಯಲ್ಲ, ಎಲ್ಲಾ ಅದರ ಆಟ. ಸಮುದ್ರ ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ. ಫೆಬ್ರವರಿಲಿ ನೀರು 15-16 ಡಿಗ್ರಿ, ಆಗಸ್ಟ್ ಕೊನೆಗೆ 26-27. ಬೇಸಿಗೆ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಅಟ್ಲಾಂಟಿಕ್ ಮೇಲಿನ ಹೈ ಪ್ರೆಶರ್, ಅಂದ್ರೆ ಗಾಳಿ ಒತ್ತಡ ಜಾಸ್ತಿ ಇರೋ ವಲಯ, ಈ ಕಡೆ ಚಾಚಿಕೊಂಡು ಕೂತುಬಿಡುತ್ತೆ, ಗಾಳಿ ಮೇಲಿಂದ ಕೆಳಕ್ಕೆ ಇಳೀತಾನೇ ಇರುತ್ತೆ, ಮೋಡ ಕಟ್ಟಲ್ಲ, ಜುಲೈನಲ್ಲಿ ಹನಿ ಮಳೆ ಬಿದ್ರೆ ದೊಡ್ಡ ಸುದ್ದಿ. 1999ರ ಆಗಸ್ಟ್‌ನಲ್ಲಿ 43.8 ಡಿಗ್ರಿ ಮುಟ್ಟಿತ್ತು.

ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗದ ಕಡೆ ಬೀಳೋಷ್ಟು. ಆದ್ರೆ ನಮ್ಮಲ್ಲಿ ಮಳೆ ಸೆಕೆ ಇರೋ ತಿಂಗಳುಗಳಲ್ಲೇ ಬರುತ್ತೆ, ಇಲ್ಲಿ ಹೆಚ್ಚಿನದು ಅಕ್ಟೋಬರಿಂದ ಫೆಬ್ರವರಿ ಒಳಗೆ ಚಳಿ ಜೊತೆಗೇ ಬರುತ್ತೆ. ಗೋಡೆ ಒದ್ದೆ ಆಗೋ ಕಾಲದಲ್ಲೇ ಒಣಗಿಸೋ ಬಿಸಿಲೂ ಕಮ್ಮಿ. ಕಲ್ಲು ಬೇರೆ ಮೆತ್ತನೆ ಸುಣ್ಣದ ಕಲ್ಲು, ನೀರು ಚೆನ್ನಾಗಿ ಹೀರುತ್ತೆ, ಹಳೇ ಮನೇಲಿ ಇನ್ಸುಲೇಷನ್ ಅನ್ನೋದೇ ಇಲ್ಲ. ಬೇಸಿಗೆಲಿ ತಂಪು ಕೊಡೋ ಆ ದಪ್ಪ ಗೋಡೆ ಫೆಬ್ರವರಿ ಹೊತ್ತಿಗೆ ಒಳಗಿನವರೆಗೂ ತಣ್ಣಗಾಗಿ 14-15 ಡಿಗ್ರಿಗೆ ಬಂದು ಕೂತಿರುತ್ತೆ.

ಇಂಥ ತಣ್ಣನೆ ಗೋಡೆಗೆ ತೇವದ ಗಾಳಿ ತಾಗಿದ್ರೆ ಗೋಡೆ ಬೆವರುತ್ತೆ. ಅದಕ್ಕೇ ನಾನು ಹೇಳೋದು, ಫೋನಲ್ಲಿ ಟೆಂಪರೇಚರ್ ನೋಡೋಕೆ ಮುಂಚೆ ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ. ಇಲ್ಲಿನ ಜನ ಗಾಳಿಗೆಲ್ಲ ಹೆಸರಿಟ್ಟಿದಾರೆ. ವಾಯವ್ಯದಿಂದ ಬರೋ ಮಜ್ಜಿಸ್ತ್ರಾಲ್ ಜಾಸ್ತಿ ದಿನ ಬೀಸೋ ಗಾಳಿ, ತಂಪು, ಬೇರೆ ಗಾಳಿಗೆ ಹೋಲಿಸಿದ್ರೆ ಒಣ. ಈಶಾನ್ಯದ ಗ್ರಿಗಾಲ್ ಬಿರುಸು, ರಾಜಧಾನಿ ವಲೆಟ್ಟಾದ ಗ್ರ್ಯಾಂಡ್ ಹಾರ್ಬರ್ ಬಂದರಿನ ಬಾಯಿ ಆ ಕಡೆಗೇ ತೆರೆದಿರೋದ್ರಿಂದ ಅಲೆ ನೇರ ಒಳಗೆ ನುಗ್ಗುತ್ತೆ, 2019ರ ಫೆಬ್ರವರಿಲಿ ಇದು ಬೀಸಿದಾಗ ಕಡಲತೀರದ ರಸ್ತೆ ಮೇಲೆ ಮೀನು ಬಂದು ಬಿದ್ದಿದ್ವು.

ಮನೆಗೆ ಮಾತ್ರ ನಿಜವಾದ ತಲೆನೋವು ಆಗ್ನೇಯದ ಶ್ಲೊಕ್. ಸಹಾರಾ ಬಿಡುವಾಗ ಬಿಸಿ, ಒಣ, ಧೂಳಿನ ಗಾಳಿ, ಲಿಬಿಯಾ ದಾಟಿ ಮುನ್ನೂರು ಕಿಲೋಮೀಟರಿಗೂ ಜಾಸ್ತಿ ಸಮುದ್ರದ ಮೇಲೆ ಬರೋದ್ರೊಳಗೆ ತೇವ ತುಂಬ್ಕೊಂಡಿರುತ್ತೆ. ಆ ದಿನ ಮಳೆ ಬಿದ್ರೆ ಕಾರಿನ ಮೇಲೆ ಕೆಂಪು ಮಣ್ಣಿನ ಕಲೆ. ಹೊರಗೆ 20 ಡಿಗ್ರಿ, ಹಾಯಾಗಿದೆ, ಚಳಿಗಾಲ ಮುಗೀತು ಅಂತ ಎಲ್ಲಾ ಕಿಟಕಿ ತೆಗೆದುಬಿಡ್ತಾರೆ ನೋಡಿ, ಅಲ್ಲೇ ಕೆಡೋದು. 20 ಡಿಗ್ರಿ ಗಾಳಿಲಿ ತೇವಾಂಶ 80% ಇದ್ರೆ 16 ಡಿಗ್ರಿಗಿಂತ ತಣ್ಣಗಿರೋ ಯಾವ ವಸ್ತು ತಾಗಿದ್ರೂ ಆ ತೇವ ನೀರಾಗುತ್ತೆ, ಫ್ರಿಜ್ಜಿಂದ ತೆಗೆದ ಬಾಟ್ಲಿ ಮೈ ಒದ್ದೆ ಆಗೋ ಹಾಗೆ. ನಿಮ್ಮ ಗೋಡೆ, ನೆಲದ ಟೈಲ್ಸ್ 15 ಡಿಗ್ರಿಲಿದೆ. ಅರ್ಧ ದಿನದಲ್ಲಿ ನೆಲ ಜಾರೋಷ್ಟು ಒದ್ದೆ, ಆಮೇಲೆ ಮೇಲಿನ ಮನೆ ಪೈಪ್ ಒಡೆದಿದೆ ಅಂತ ಜಗಳ. ಪೈಪ್ ಸರಿಯಾಗೇ ಇರುತ್ತೆ!

ಹಾಗಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೂ ಶ್ಲೊಕ್ ಬೀಸೋ ದಿನ ಕಿಟಕಿ ಮುಚ್ಚಿ, ಗಾಳಿಯ ತೇವ ಎಳೆಯೋ ಮಷೀನು, ಡಿಹ್ಯುಮಿಡಿಫೈಯರ್, ಇದ್ರೆ ಹಾಕಿ. ಮಜ್ಜಿಸ್ತ್ರಾಲ್ ಬಂದ ದಿನ ಚಳಿ ಅನ್ಸಿದ್ರೂ ಪರವಾಗಿಲ್ಲ, ಎದುರುಬದುರು ಕಿಟಕಿ ಪೂರ್ತಿ ತೆಗೀರಿ. ಚಿಮಣಿ ಇಲ್ಲದ ಗ್ಯಾಸ್ ಹೀಟರ್ ಉರಿಸಿ ಅದೇ ರೂಮಲ್ಲಿ ಬಟ್ಟೆ ಒಣಗಿಸೋದು ದಯವಿಟ್ಟು ಬೇಡ, ಗ್ಯಾಸ್ ಉರಿದಾಗ ನೀರಾವಿ ಬರುತ್ತೆ, ಆ ಹೊಗೆ ಉಸಿರಿಗೂ ಒಳ್ಳೇದಲ್ಲ. ವಾರ್ಡ್‌ರೋಬ್ ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಬೂಷ್ಟಿನ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿಯೋ ಓನರ್‌ಗಳನ್ನ ಕಂಡ್ರೆ ನಂಗೆ ಸಂಕಟ ಆಗುತ್ತೆ, ಕಲ್ಲೊಳಗಿನ ನೀರು ಆಚೆ ಬರೋಕೆ ದಾರಿ ಇಲ್ಲದೆ ಎರಡು ವರ್ಷದಲ್ಲಿ ಪ್ಲಾಸ್ಟರೇ ಉದುರುತ್ತೆ, ಸುಣ್ಣದ ಗಾರೆ, ಸುಣ್ಣದ ಬಣ್ಣಾನೇ ಈ ಗೋಡೆಗೆ ಸರಿ.

ಇನ್ನು ಸೆಪ್ಟೆಂಬರ್ ಮಳೆ. ಸಮುದ್ರ ಇನ್ನೂ ಬಿಸಿ ಇರುತ್ತೆ, ಮೇಲೆ ಯೂರೋಪಿನ ತಣ್ಣನೆ ಗಾಳಿ ಬಂದ್ರೆ ಒಂದೇ ಸಲಕ್ಕೆ ಗುಡುಗು ಸಿಡಿಲಿನ ಮಳೆ, ಮ್ಸೀದಾ, ಬಿರ್ಕಿರ್ಕಾರದಂಥ ಊರುಗಳ ರಸ್ತೆಗಳು ತೊರೆ ಆಗ್ಬಿಡುತ್ವೆ. ಇಲ್ಲಿನ ಮನೆಗಳ ಚಾವಣಿ ಚಪ್ಪಟೆ, ಹಳೇ ಮನೆಗಳಲ್ಲಿ ಅದರ ನೀರು ನೆಲದಡಿ ಕಲ್ಲಲ್ಲಿ ಕೊರೆದ ತೊಟ್ಟಿಗೆ ಇಳಿಯುತ್ತೆ. ನಲ್ಲಿ ನೀರಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದ್ರದ ಉಪ್ಪು ತೆಗೆದು ಮಾಡಿದ್ದು, ಕರೆಂಟ್ ಸುಟ್ಟು ಮಾಡಿದ್ದು, ಅಂಥ ದೇಶದಲ್ಲಿ ಆ ತೊಟ್ಟಿ ಖಾಲಿ ಬಿಟ್ಟಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆಗಸ್ಟ್ 15ರ ಸಾಂತಾ ಮರಿಯಾ ಹಬ್ಬ ಮುಗೀತಿದ್ದಂಗೆ ಟೆರೇಸ್ ಹತ್ತಿ ಬೇಸಿಗೆ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ಗುಡಿಸಿ, ನೀರು ಇಳಿಯೋ ಪೈಪಿನ ಬಾಯಿ ಕೈ ಹಾಕಿ ಕ್ಲೀನ್ ಮಾಡಿ, ಮೊದಲ ಮಳೆ ನೀರನ್ನ ಆಚೆ ಬಿಟ್ಟು ಎರಡನೇ ಮಳೆಯಿಂದ ತೊಟ್ಟಿಗೆ ತಿರುಗಿಸಿ.