ನೀರಾದ ಹಿಕ್ಕೆಯೆಲ್ಲ ಭೇದಿಯಲ್ಲ

ಬೇಸಿಗೆ ಏರಿತೆಂದರೆ ಕೋಲಾರ, ಚಿಂತಾಮಣಿ, ಪಾವಗಡದ ಕಡೆ ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ ಸಾಕಿದವರಿಗೆ ಒಂದೇ ಗಾಬರಿ: ಕೋಳಿ ನೀರು ನೀರಾಗಿ ಹಿಕ್ಕೆ ಹಾಕುತ್ತಿದೆ. ಒಬ್ಬರು ದೃಷ್ಟಿ ತಾಕಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ, ಇನ್ನೊಬ್ಬರು ಮನುಷ್ಯರ ಭೇದಿ ಮಾತ್ರೆಯನ್ನೇ ಮುರಿದು ಅದರ ಗಂಟಲಿಗೆ ತುರುಕುತ್ತಾರೆ. ಎರಡು ದಿನದಲ್ಲಿ ಕೋಳಿ ಸರಿಹೋಗುತ್ತದೆ, ಕೀರ್ತಿ ಮೆಣಸಿನಕಾಯಿಗೋ ಮಾತ್ರೆಗೋ ಹೋಗುತ್ತದೆ. ಎಷ್ಟೋ ಸಲ ಅಲ್ಲಿ ಕಾಯಿಲೆಯೇ ಇರುವುದಿಲ್ಲ.

ಕೋಳಿಯ ಹಿಕ್ಕೆಯಲ್ಲಿ ಮೂರು ಪಾಲು: ಕಂದು ಅಥವಾ ಹಸಿರುಗಂದು ಗಟ್ಟಿ, ಅದರ ಮೇಲೆ ಮೂತ್ರದ ಬಿಳಿ ಯೂರಿಕ್ ಆಮ್ಲ, ಸುತ್ತ ಒಂದಿಷ್ಟು ನೀರು. ಎಷ್ಟು ಒದ್ದೆ ಎಂದು ಅಳೆಯುವುದು ವ್ಯರ್ಥ. ಗಟ್ಟಿ ಪಾಲು ತನ್ನ ಆಕಾರ ಉಳಿಸಿಕೊಂಡಿದೆಯೇ, ಅದನ್ನು ನೋಡಿ. ನೀರಿನ ನಡುವೆ ಉಂಡೆ ಉಂಡೆಯಾಗಿಯೇ ಕೂತಿದ್ದರೆ ಮೂತ್ರ ಹೆಚ್ಚಾಗಿದೆ, ಅಷ್ಟೇ. ಉಂಡೆಯೇ ಕರಗಿ ಎಲ್ಲ ಒಂದಾಗಿ ಹರಿದಿದ್ದರೆ, ಅದು ಭೇದಿ.

ಈ ನೀರಿನ ಲೆಕ್ಕ ಬಲು ಸ್ವಾರಸ್ಯದ್ದು. ಕೋಳಿಗೆ ಮೂತ್ರಕೋಶವಿಲ್ಲ. ಮೂತ್ರವೂ ಮಲವೂ ಮೊಟ್ಟೆಯೂ ಬಂದು ಸೇರುವುದು ಕ್ಲೋಯೇಕಾ ಎಂಬ ಒಂದೇ ಕೋಣೆಗೆ. ಅಲ್ಲಿಗೆ ಇಳಿದ ಮೂತ್ರ ನೇರ ಹೊರಗೆ ಹೋಗಬೇಕೆಂದೇನಿಲ್ಲ. ದೊಡ್ಡ ಕರುಳು ಹಿಮ್ಮುಖವಾಗಿ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ, ಕೋಡಿ ಬಿದ್ದ ನೀರನ್ನು ಮತ್ತೆ ಕೆರೆಗೇ ಹತ್ತಿಸಿದ ಹಾಗೆ. ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವಲ್ಲಿ ಸೀಕಂ ಎಂಬ, ಒಂದು ತುದಿ ಮುಚ್ಚಿದ ಎರಡು ಕುರುಡು ಚೀಲಗಳಿವೆ. ಮೂತ್ರ ಅಲ್ಲಿಯವರೆಗೂ ಏರುತ್ತದೆ. ದಾರಿಯುದ್ದಕ್ಕೂ ಉಪ್ಪು ನೀರು ಎರಡನ್ನೂ ದೇಹ ವಾಪಸು ಹೀರಿಕೊಳ್ಳುತ್ತದೆ, ಚೀಲದೊಳಗಿನ ಬ್ಯಾಕ್ಟೀರಿಯಾ ಯೂರಿಕ್ ಆಮ್ಲವನ್ನೂ ಒಡೆದು ಬಳಸುತ್ತವೆ. ನಾಯಿ ಅಟ್ಟಿಸಿಕೊಂಡು ಬಂದರೆ ಈ ವಾಪಸಾತಿಗೆ ಪುರುಸೊತ್ತು ಸಿಗುವುದಿಲ್ಲ, ನೀರು ಹಾಗೆಯೇ ಹೊರಬೀಳುತ್ತದೆ. ಬಿಸಿಲಲ್ಲಿ ಇನ್ನೊಂದು ಕಾರಣ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ತಂಪು ಹೊತ್ತಿನಲ್ಲಿ ತಿಂದ ಮೇವಿನ ಸುಮಾರು ಎರಡರಷ್ಟು ತೂಕದ ನೀರು ಕುಡಿಯುವ ಕೋಳಿ, 35 ಡಿಗ್ರಿ ದಾಟಿದರೆ ನಾಲ್ಕರಷ್ಟು ಕುಡಿದರೂ ಆಶ್ಚರ್ಯವಿಲ್ಲ.

ಆ ಕುರುಡು ಚೀಲಗಳು ದಿನಕ್ಕೆ ಎರಡು ಮೂರು ಸಲ ಖಾಲಿಯಾಗುತ್ತವೆ. ಆಗ ಬೀಳುವುದು ಸಾಸಿವೆ ಬಣ್ಣದಿಂದ ಕಡು ಕಂದಿನವರೆಗಿನ ಅಂಟಂಟು ಪೇಸ್ಟು, ಕೆಲವೊಮ್ಮೆ ನೊರೆ, ಮೂಗು ಮುಚ್ಚುವ ನಾತ. ಸುಮಾರು ಎಂಟು ಹತ್ತು ಹಿಕ್ಕೆಗೊಂದು ಇಂಥದ್ದು ಬಿದ್ದರೆ ಕರುಳು ಚೆನ್ನಾಗಿದೆ ಎಂದರ್ಥ. ಭೇದಿಯೆಂದು ಹೆದರುವವರು ಹೆಚ್ಚಾಗಿ ಹೆದರುವುದು ಇದಕ್ಕೇ.

ಕ್ಲೋಯೇಕಾದ ಬೆನ್ನ ಕಡೆ ‘ಬರ್ಸಾ’ ಎಂಬ ಇನ್ನೊಂದು ಪುಟ್ಟ ಚೀಲವಿದೆ. ಅದನ್ನು ವರ್ಣಿಸಿದವನು ಇಟಲಿಯ ಪಾದುವಾದ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರೀಷಿಯಸ್. ಪುಸ್ತಕ ಅಚ್ಚಾದದ್ದು ಅವನು ಸತ್ತ ಮೇಲೆ, 1621ರಲ್ಲಿ. ಮೂರು ಶತಮಾನ ಅದರ ಕೆಲಸವೇನೆಂದು ಯಾರಿಗೂ ಹೊಳೆಯಲಿಲ್ಲ. 1956ರಲ್ಲಿ ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು, ಈ ಚೀಲ ತೆಗೆದ ಕೋಳಿಗಳು ರೋಗಾಣುಗಳನ್ನು ಎದುರಿಸುವ ಪ್ರತಿಕಾಯ ತಯಾರಿಸಲು ಸೋಲುತ್ತವೆಂದು ತೋರಿಸಿದರು. ಪ್ರತಿಕಾಯ ತಯಾರಿಸುವ ನಮ್ಮ ರಕ್ತದ ಬಿ ಕೋಶಗಳ ‘ಬಿ’ ಬಂದದ್ದು ಈ ‘ಬರ್ಸಾ’ದಿಂದಲೇ. ಗಂಬೋರೊ ರೋಗದ ವೈರಸ್ ಮೂರರಿಂದ ಆರು ವಾರದ ಮರಿಗಳಲ್ಲಿ ಹೊಡೆಯುವುದೂ ಇದನ್ನೇ. ಬಿಳಿಚು ನೀರು ಭೇದಿ ಅದರ ಗುರುತು. ಉಳಿದ ಮರಿಗಳು ಆಮೇಲೆ ಬಂದ ಸೋಂಕಿಗೆಲ್ಲ ಸುಲಭದ ತುತ್ತು.

ನಮ್ಮ ಸೀಮೆಯ ಸುಳ್ಳು ಗಾಬರಿಗಳೂ ಇವೆ. ಟೊಮ್ಯಾಟೊ ಬೆಲೆ ಬಿದ್ದು ಹಣ್ಣು ರಸ್ತೆ ಬದಿಗೆ ಸುರಿದ ವಾರ ಕೋಳಿ ಹಿಕ್ಕೆಯಲ್ಲಿ ಕೆಂಪು ಕಾಣುತ್ತದೆ. ಒಂದು ಕಡ್ಡಿಯಲ್ಲಿ ಎತ್ತಿ ಬಿಳಿ ತಟ್ಟೆಯ ನೀರಿಗೆ ಬಿಡಿ. ಸಿಪ್ಪೆಯಾದರೆ ಪದರವಾಗಿ ಹಾಗೇ ಉಳಿಯುತ್ತದೆ, ಹಸಿ ರಕ್ತವಾದರೆ ಬಣ್ಣ ಬಿಡುತ್ತದೆ. ಆಳದ ಬೋರ್‌ವೆಲ್ ನೀರೂ ಕಾರಣವಾಗಬಹುದು. ಲೀಟರಿಗೆ 1000ದಿಂದ 3000 ಮಿಲಿಗ್ರಾಂ ಲವಣವಿರುವ ನೀರಿಗೆ ಹಿಕ್ಕೆ ಸಡಿಲವಾದರೂ ಕೋಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಫಿಲ್ಟರ್ ರಿಪೇರಿಯವರ ಹತ್ತಿರ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇರುತ್ತದೆ, ಒಮ್ಮೆ ಅಳೆಸಿ. ಕಾವಿಗೆ ಕೂತ ಹ್ಯಾಟೆ ದಿನಕ್ಕೊಂದೆರಡು ಸಲ ಎದ್ದು ದೊಡ್ಡ ನಾತದ ರಾಶಿ ಹಾಕುತ್ತದೆ, ಅದಕ್ಕೂ ಔಷಧಿ ಬೇಡ.

ಪರೀಕ್ಷೆ ಸುಲಭ. ಸಂಜೆ ಕೋಳಿ ಕೂರುವ ಕೋಲಿನ ಕೆಳಗೆ ಹಳೆ ಪೇಪರ್ ಹಾಸಿ, ಬೆಳಗ್ಗೆ ಗೂಡು ತೆಗೆಯುವ ಮುಂಚೆ ನೋಡಿ. ಆಮೇಲೆ ಕೋಳಿಯನ್ನೇ ಹಿಡಿಯಿರಿ. ಬೆಳಗ್ಗೆ ಕತ್ತಿನ ಬುಡದ ಮೇವುಚೀಲ ಖಾಲಿಯಿರಬೇಕು, ಸಂಜೆ ತುಂಬಿರಬೇಕು. ಎದೆಯ ಮೂಳೆ ಕತ್ತಿಯಂತೆ ಕೈಗೆ ತಾಕಿದರೆ ಕಾಯಿಲೆ ಹಳೆಯದು. ಕಡು ಹಸಿರು ಹಿಕ್ಕೆಯೆಂದರೆ ಎಷ್ಟೋ ಸಲ ಬರೀ ಪಿತ್ತ: ಕೋಳಿ ಮೇವು ಬಿಟ್ಟಿದೆ.

ತಡಮಾಡಬಾರದ ಸಂಗತಿಗಳು ಎರಡು. ಮೂರರಿಂದ ಎಂಟು ವಾರದ ಮರಿ ರೆಕ್ಕೆ ಇಳಿಬಿಟ್ಟು, ತೂಕಡಿಸುತ್ತಾ ರಕ್ತ ಹಾಕಿದರೆ ಕಾಕ್ಸಿಡಿಯೋಸಿಸ್ ಇರಬಹುದು. ಐಮೀರಿಯಾ ಟೆನೆಲ್ಲಾ ಎಂಬ ಪರೋಪಜೀವಿ ಅದೇ ಕುರುಡು ಚೀಲಗಳ ಗೋಡೆ ಕೊರೆದಿರುತ್ತದೆ. ಪಶುವೈದ್ಯರು ಆಂಪ್ರೋಲಿಯಂ ಬರೆದರೆ, 20 ಪರ್ಸೆಂಟ್ ಪುಡಿಯ ಮಾಮೂಲು ಪ್ರಮಾಣ 5 ಲೀಟರ್ ನೀರಿಗೆ 6 ಗ್ರಾಂ, ಐದು ದಿನ, ಬೇರೆ ನೀರು ಇಡದೆ. ಅದರ ಜೊತೆ ಬಿ ಕಾಂಪ್ಲೆಕ್ಸ್ ಟಾನಿಕ್ ಕೊಟ್ಟರೆ ಕೆಲಸ ಕೆಟ್ಟಿತು. ಪರೋಪಜೀವಿಗೆ ಬಿ1 ವಿಟಮಿನ್ ಸಿಗದ ಹಾಗೆ ಮಾಡಿಯೇ ಈ ಔಷಧಿ ಕೊಲ್ಲುವುದು. ನೀರಿನ ಬಟ್ಟಲ ಸುತ್ತಲಿನ ಒದ್ದೆ ಹಾಸನ್ನು ದಿನವೂ ತೆಗೆಯಿರಿ, ಬೆಚ್ಚಗಿನ ತೇವದಲ್ಲಿ ಪರೋಪಜೀವಿಯ ಮೊಟ್ಟೆಗಳು ಒಂದೆರಡು ದಿನಕ್ಕೇ ಸೋಂಕಿಗೆ ತಯಾರಾಗುತ್ತವೆ.

ಇನ್ನೊಂದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಬಿಳಿ ನೀರು ಭೇದಿಯ ಜೊತೆ ಬಾಯಿ ಬಿಟ್ಟು ಉಸಿರಾಟ, ತಿರುಚಿದ ಕತ್ತು, ಒಂದರ ಹಿಂದೊಂದು ಸಾವು. ಇದಕ್ಕೆ ಮದ್ದಿಲ್ಲ, ಲಸಿಕೆಯಿದೆ: 5ರಿಂದ 7 ದಿನದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಎಫ್1 ಅಥವಾ ಲಸೋಟಾ, ಎಂಟು ವಾರಕ್ಕೆ ರೆಕ್ಕೆಯಡಿ ಆರ್‌2ಬಿ ಇಂಜೆಕ್ಷನ್. ಬಾಟಲಿಯನ್ನು ಐಸ್‌ನಲ್ಲೇ ತರಬೇಕು, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಒಂದು ಬಾಟಲಿಯಲ್ಲಿ ಹಿತ್ತಲ ಕೋಳಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಡೋಸ್ ಇರುವುದರಿಂದ, ಬೀದಿಯವರೆಲ್ಲ ಸೇರಿ ಒಂದೇ ದಿನ ಹಾಕಿಸುವುದು ವಾಸಿ.