ಬೆಳಗ್ಗೆ ಸಿಗದ ಕಾಯಿಲೆ

ನಿಮ್ಮ ರೆಪ್ಪೆ ಸಂಜೆಗೆ ಜೋತು ಬೀಳುತ್ತದೆ ಅಂತಾದರೆ ಡಾಕ್ಟರ ಹತ್ತಿರ ಬೆಳಗ್ಗೆ ಹೋಗಬೇಡಿ, ಸಂಜೆ ಹೋಗಿ. ಮಯಸ್ತೇನಿಯಾ ಗ್ರೇವಿಸ್, ಅಂದರೆ ಬಳಸಿದಷ್ಟೂ ಮಾಂಸಖಂಡ ಸೋಲುವ ಕಾಯಿಲೆ, ಇರಬಹುದು ಅನ್ನಿಸಿದವರಿಗೆಲ್ಲ ನಾನು ಹೇಳುವುದು ಇದನ್ನೇ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಗ್ಗೆ ಬಂದು, ಹೊರಗೆ ಒಂದು ಗಂಟೆ ಸುಮ್ನೆ ಕೂತು ಒಳಗೆ ಬಂದವರಲ್ಲಿ ಈ ಕಾಯಿಲೆ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಕಣ್ಣು ಪೂರ್ತಿ ತೆರೆದಿರುತ್ತದೆ. ಮಾತು ಸ್ಪಷ್ಟ. ಕೈಕಾಲಿನಲ್ಲಿ ಶಕ್ತಿ ಇದೆ. 'ಏನೂ ತೊಂದರೆ ಇಲ್ಲ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ' ಅಂತ ಹೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಅವತ್ತು ಸಂಜೆಯೇ ಮತ್ತೆ ಎದುರಿಗಿರುವುದೆಲ್ಲ ಎರಡೆರಡು ಕಾಣುತ್ತದೆ.

ಇದು ಅಪರೂಪದ ಕಾಯಿಲೆ, ಹತ್ತು ಸಾವಿರ ಜನರಲ್ಲಿ ಒಬ್ಬಿಬ್ಬರಿಗೆ ಇರುವಂಥದ್ದು. ಹೆಂಗಸರಲ್ಲಿ 40 ವರ್ಷದೊಳಗೆ, ಗಂಡಸರಲ್ಲಿ 60 ದಾಟಿದ ಮೇಲೆ ಜಾಸ್ತಿ. ವಯಸ್ಸಾದವರಿಗೆ ಬಂದರೆ ಅದನ್ನು ಲಕ್ವ ಅಂದುಕೊಳ್ಳುವುದೂ ಉಂಟು. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಬಂದರೆ ಅದಕ್ಕೆ ಮನಸ್ಸಿನ ತೊಂದರೆ ಅನ್ನೋ ಹೆಸರು ಬೀಳುತ್ತದೆ. ಈ ಎರಡನೆಯದು ನನಗೆ ಜಾಸ್ತಿ ಬೇಸರ ತರಿಸುತ್ತದೆ.

ಒಳಗೆ ಆಗುವುದು ಇಷ್ಟು. ಮಾಂಸಖಂಡ ಅಲ್ಲಾಡಬೇಕಾದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹೊರಗೆ ಬರಬೇಕು. ಅದನ್ನು ಹಿಡಿದುಕೊಳ್ಳಲು ಮಾಂಸಖಂಡದ ಮೇಲೆ ರಿಸೆಪ್ಟರ್‌ಗಳಿವೆ. ರೋಗಾಣುಗಳ ಮೇಲೆ ಹೋರಾಡಬೇಕಾದ ಆ್ಯಂಟಿಬಾಡಿಗಳು ಈ ಕಾಯಿಲೆಯಲ್ಲಿ ಆ ರಿಸೆಪ್ಟರ್‌ಗಳ ಮೇಲೇ ಬಿದ್ದು ಅವನ್ನು ಮುಚ್ಚುತ್ತವೆ, ನಾಶ ಮಾಡುತ್ತವೆ. ಬಾಗಿಲು ತಟ್ಟುವವರು ಇದ್ದಾರೆ, ತೆರೆಯುವವರು ಕಡಿಮೆಯಾಗಿದ್ದಾರೆ. ಮೇಲಿಂದ ಮೇಲೆ ಕೆಲಸ ಮಾಡಿದಾಗ ನರದಿಂದ ಬರುವ ರಾಸಾಯನಿಕವೂ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅದು ಎಲ್ಲರಲ್ಲೂ ಆಗುವಂಥದ್ದೇ. ಆದರೆ ನಮ್ಮಲ್ಲಿ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ರಿಸೆಪ್ಟರ್‌ಗಳಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಇವರಲ್ಲಿ ಆ ಹೆಚ್ಚುವರಿ ಇಲ್ಲ. ಹಾಗಾಗಿ ಬಳಸಿದಷ್ಟೂ ಶಕ್ತಿ ಇಳಿಯುತ್ತದೆ, ಸುಮ್ಮನೆ ಬಿಟ್ಟರೆ ವಾಪಸ್ ಬರುತ್ತದೆ. ನೋವಿಲ್ಲ, ಜೋಮಿಲ್ಲ, ಬುದ್ಧಿಗೆ ಏನೂ ಆಗಿರುವುದಿಲ್ಲ.

ಈ ಏರಿಳಿತವನ್ನು ಎಲ್ಲರಿಗಿಂತ ಮೊದಲು ಚೆನ್ನಾಗಿ ಬರೆದಿಟ್ಟವರು ಇಂಗ್ಲೆಂಡಿನ ಡಾಕ್ಟರ್ ಥಾಮಸ್ ವಿಲ್ಲಿಸ್. 1672ರಲ್ಲಿ ಅವರು ಒಬ್ಬ ಹೆಂಗಸಿನ ಬಗ್ಗೆ ಬರೆದರು. ಆಕೆ ಸ್ವಲ್ಪ ಹೊತ್ತು ಸರಾಗವಾಗಿ ಮಾತಾಡುತ್ತಿದ್ದಳು. ತುಂಬ ಹೊತ್ತು ಮಾತಾಡಿದರೆ ಮೀನಿನಂತೆ ಮೂಕಳಾಗುತ್ತಿದ್ದಳು. ಒಂದೆರಡು ಗಂಟೆ ಕಳೆದ ಮೇಲೆ ದನಿ ಮತ್ತೆ ಬರುತ್ತಿತ್ತು. ವಿಲ್ಲಿಸ್ ಹತ್ತಿರ ಯಾವ ಸ್ಕ್ಯಾನೂ ಇರಲಿಲ್ಲ. ಆಕೆ ಮಾತಾಡುವಷ್ಟು ಹೊತ್ತು ಕೂತು ಕೇಳಿಸಿಕೊಂಡಿರಬೇಕು, ಅಷ್ಟೇ.

ಆದ್ದರಿಂದ 'ಸುಸ್ತು ಡಾಕ್ಟ್ರೇ' ಅಂತ ಮಾತ್ರ ಹೇಳಿ ನಿಲ್ಲಿಸಬೇಡಿ. ಸುಸ್ತು ಅಂದರೆ ನೂರು ಕಾರಣ ಇರುತ್ತದೆ, ನಮ್ಮ ಕಿವಿ ಅದಕ್ಕೆ ಒಗ್ಗಿಹೋಗಿದೆ. ಯಾವ ಕೆಲಸ, ಎಷ್ಟು ಹೊತ್ತಿಗೆ ನಿಂತುಹೋಗುತ್ತದೆ ಅಂತ ಹೇಳಿ. 'ಊಟ ಅರ್ಧಕ್ಕೆ ಬರುವಾಗ ದವಡೆ ಸೋಲುತ್ತದೆ, ಗದ್ದಕ್ಕೆ ಕೈ ಕೊಟ್ಟು ಅಗಿಯಬೇಕು.' 'ಫೋನಿನಲ್ಲಿ ಹತ್ತು ನಿಮಿಷ ಆದ ಮೇಲೆ ಮೂಗಿನಲ್ಲಿ ಮಾತಾಡಿದ ಹಾಗಾಗುತ್ತದೆ.' 'ತಲೆ ಬಾಚಲು ಎತ್ತಿದ ಕೈ ನಡುವೆ ಕೆಳಗಿಳಿಯುತ್ತದೆ.' 'ಕುಡಿದ ನೀರು ಮೂಗಿಗೆ ಬರುತ್ತದೆ.' ಇಂಥ ಒಂದೇ ಒಂದು ಮಾತು ಸಾಕು. ಎರಡೆರಡು ಕಾಣುವಾಗ ಒಂದು ಕಣ್ಣು ಮುಚ್ಚಿ ನೋಡಿ. ಆಗ ಒಂದೇ ಆದರೆ ಎರಡೂ ಕಣ್ಣು ಜೊತೆಯಾಗಿ ತಿರುಗುತ್ತಿಲ್ಲ ಅಂತ ಅರ್ಥ. ಇದನ್ನೂ ಹೇಳಿ. ಸಂಜೆ ಹೊತ್ತಿನ ವಿಡಿಯೋ, ಗಂಟೆ ನಮೂದಿಸಿದ ಫೋಟೋ ತಂದರೆ ಇನ್ನೂ ಒಳ್ಳೆಯದು. ಹಳೇ ಫೋಟೋಗಳೂ ಕೆಲಸಕ್ಕೆ ಬರುತ್ತವೆ. ನಗಲು ಹೋದರೆ ತುಟಿಯ ತುದಿ ಮೇಲೇಳದೆ ಹಲ್ಲು ಕಿರಿದ ಹಾಗೆ ಕಾಣುವುದು ಇವರಲ್ಲಿ ಸಾಮಾನ್ಯ. ಮನೆಯವರು ಅದನ್ನು ಸಿಡುಕು ಅಂದುಕೊಂಡಿರುತ್ತಾರೆ.

ನಮ್ಮ ಕೋಣೆಯಲ್ಲಿ ಮಾಡುವ ಪರೀಕ್ಷೆಗಳಿಗೆ ದೊಡ್ಡ ಯಂತ್ರವೇನೂ ಬೇಡ. ತಲೆ ಅಲ್ಲಾಡಿಸದೆ ಮೇಲೆ ನೋಡುತ್ತಾ ಇರಿ ಅನ್ನುತ್ತೇನೆ. ಮೊದಲ ಅರ್ಧ ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಒಂದು ರೆಪ್ಪೆ ನಿಧಾನವಾಗಿ ಜಾರಲು ಶುರುವಾಗುತ್ತದೆ, ಅದನ್ನು ಎತ್ತಿ ಹಿಡಿಯಲು ಹಣೆ ಸುಕ್ಕುಗಟ್ಟುತ್ತದೆ. ಆಗ ಕಣ್ಣು ಮುಚ್ಚಿಸಿ, ಕೈಗವಸಿನೊಳಗೆ ಮಂಜುಗಡ್ಡೆ ಕಟ್ಟಿ ಆ ರೆಪ್ಪೆಯ ಮೇಲೆ 2 ನಿಮಿಷ ಇಡುತ್ತೇವೆ. ತೆಗೆದಾಗ ರೆಪ್ಪೆ 2 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಮೇಲೆದ್ದರೆ ಅನುಮಾನ ಗಟ್ಟಿಯಾಗುತ್ತದೆ. ತಣ್ಣಗಾದಾಗ ಅಸಿಟೈಲ್‌ಕೋಲಿನ್ ಅನ್ನು ಒಡೆಯುವ ಕಿಣ್ವದ ವೇಗ ಕುಗ್ಗುತ್ತದೆ, ಇದ್ದಷ್ಟು ರಾಸಾಯನಿಕ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಬಿಸಿಲಿನಲ್ಲಿ, ಬಿಸಿನೀರಿನ ಸ್ನಾನದಲ್ಲಿ, ಜ್ವರ ಬಂದಾಗ ಇವರಿಗೆ ಜಾಸ್ತಿಯಾಗುವುದಕ್ಕೂ ಶಾಖಕ್ಕೂ ನಂಟಿದೆ.

ರಕ್ತ ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಾಯಿಲೆ ಮೈಯೆಲ್ಲ ಹರಡಿದವರಲ್ಲಿ ಸುಮಾರು 85% ಜನರಿಗೆ ರಿಸೆಪ್ಟರ್ ವಿರುದ್ಧದ ಆ್ಯಂಟಿಬಾಡಿ ಸಿಗುತ್ತದೆ. ಕಣ್ಣಿಗೆ ಮಾತ್ರ ಸೀಮಿತವಾಗಿದ್ದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮಾತ್ರ. ಮಸ್ಕ್ ಅನ್ನೋ ಇನ್ನೊಂದು ಪ್ರೋಟೀನಿನ ವಿರುದ್ಧದ ಆ್ಯಂಟಿಬಾಡಿ ಗೊತ್ತಾಗಿದ್ದೇ 2001ರಲ್ಲಿ. ಎರಡೂ ಸಿಗದವರು ಇದ್ದಾರೆ. ರಿಪೋರ್ಟ್ ನೆಗೆಟಿವ್ ಬಂತು, ಹಾಗಾಗಿ ಕಾಯಿಲೆ ಇಲ್ಲ ಅನ್ನುವುದು ತಪ್ಪು ಲೆಕ್ಕ. ಆಗ ನರಕ್ಕೆ ಸೆಕೆಂಡಿಗೆ ಎರಡು ಮೂರು ಸಲ ಕರೆಂಟು ಕೊಟ್ಟು ಮಾಂಸಖಂಡದ ಪ್ರತಿಕ್ರಿಯೆ ಇಳಿಯುತ್ತದಾ ಅಂತ ನೋಡುತ್ತೇವೆ. 10%ಗಿಂತ ಜಾಸ್ತಿ ಇಳಿದರೆ ಅದಕ್ಕೆ ಅರ್ಥವಿದೆ. ಆದರೆ ಸೋತಿರುವ ಮಾಂಸಖಂಡದಲ್ಲೇ ಮಾಡಬೇಕು. ತೊಂದರೆ ಕಣ್ಣಿನಲ್ಲಿದ್ದು ಪರೀಕ್ಷೆ ಕೈಯಲ್ಲಿ ಮಾತ್ರ ಮಾಡಿದರೆ ನಾರ್ಮಲ್ ಬರಬಹುದು. ಮಾಂಸಖಂಡದ ಒಂದೊಂದೇ ಎಳೆಯನ್ನು ನೋಡುವ ಸಿಂಗಲ್ ಫೈಬರ್ ಇಎಂಜಿ ಅನ್ನೋ ಪರೀಕ್ಷೆ ಇನ್ನೂ ಸೂಕ್ಷ್ಮ, ಆದರೆ ಎಲ್ಲ ಕಡೆ ಸಿಗುವುದಿಲ್ಲ. ಕಾಯಿಲೆ ಖಚಿತವಾದರೆ ಎದೆಯ ಸ್ಕ್ಯಾನ್ ತಪ್ಪಿಸುವಂತಿಲ್ಲ. 10ರಿಂದ 15% ಜನರಲ್ಲಿ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಗೆಡ್ಡೆ ಇರುತ್ತದೆ, ಅದನ್ನು ತೆಗೆಸಬೇಕಾಗುತ್ತದೆ.

ಚಿಕಿತ್ಸೆಯ ದಾರಿ ತೆರೆದಿದ್ದು 1934ರಲ್ಲಿ, ಲಂಡನ್ನಿನ ಗ್ರೀನಿಚ್‌ನಲ್ಲಿ. ಮೇರಿ ವಾಕರ್ ಅನ್ನೋ ಡಾಕ್ಟರ್, ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆಯುವ ಫೈಸೊಸ್ಟಿಗ್ಮಿನ್ ಇಂಜೆಕ್ಷನ್ ಕೊಟ್ಟಾಗ ರೋಗಿಯ ಜೋತುಬಿದ್ದ ರೆಪ್ಪೆ ಮೇಲೆದ್ದಿತು. ಈಗ ಕೊಡುವ ಪಿರಿಡೊಸ್ಟಿಗ್ಮಿನ್ ಅದೇ ವಂಶದ್ದು. ನುಂಗಿದ ಅರ್ಧ ಗಂಟೆಗೆ ಕೆಲಸ ಶುರು, ಮೂರು ನಾಲ್ಕು ಗಂಟೆ ಇರುತ್ತದೆ. ಅಗಿಯಲು, ನುಂಗಲು ಕಷ್ಟವಿರುವವರು ಊಟಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಂಡರೆ ಊಟ ಸಲೀಸು. ಹೊಟ್ಟೆ ಹಿಂಡುವುದು, ಭೇದಿ, ಬಾಯಲ್ಲಿ ನೀರೂರುವುದು ಇದರ ಅಡ್ಡ ಪರಿಣಾಮ. ಸುಸ್ತು ಜಾಸ್ತಿಯಾಯಿತು ಅಂತ ನೀವೇ ಮಾತ್ರೆ ಏರಿಸಿಕೊಳ್ಳಬೇಡಿ. ಮಿತಿ ಮೀರಿದರೆ ಈ ಔಷಧಿಯೇ ಶಕ್ತಿ ಕುಂದಿಸುತ್ತದೆ.

ಇದು ಕಾಯಿಲೆಯ ಬುಡಕ್ಕೆ ಹೋಗುವ ಔಷಧಿಯಲ್ಲ. ಅದಕ್ಕೆ ಆ್ಯಂಟಿಬಾಡಿ ಹುಟ್ಟುವುದನ್ನೇ ತಗ್ಗಿಸುವ ಸ್ಟೀರಾಯ್ಡ್, ಅಜಾಥಿಯೋಪ್ರಿನ್‌ನಂಥವು ಬೇಕು. ಹೆಚ್ಚು ಜನ ಎಡವುವುದು ಇಲ್ಲೇ. ಸ್ಟೀರಾಯ್ಡ್ ಶುರು ಮಾಡಿದ ಮೊದಲ ಒಂದೆರಡು ವಾರ ಕೆಲವರಿಗೆ ತೊಂದರೆ ಇನ್ನೂ ಹೆಚ್ಚಾಗುತ್ತದೆ. ಅದಕ್ಕೇ ಸಣ್ಣ ಡೋಸಿನಿಂದ ಶುರು ಮಾಡುವುದು. ಅಜಾಥಿಯೋಪ್ರಿನ್ ಪೂರ್ತಿ ಫಲ ಕೊಡಲು ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಮೂರನೇ ತಿಂಗಳಿಗೆ 'ಈ ಡಾಕ್ಟರ ಔಷಧಿ ಹಿಡಿಸಲಿಲ್ಲ' ಅಂತ ಬೇರೆ ಕಡೆ ಹೋದರೆ ಅಲ್ಲಿ ಮತ್ತೆ ಮೊದಲಿಂದ ಶುರು. ಗೆಡ್ಡೆ ಇಲ್ಲದಿದ್ದರೂ ಕೆಲವರಿಗೆ ಥೈಮಸ್ ತೆಗೆಸುವುದರಿಂದ ಲಾಭವಿದೆ ಅನ್ನುವುದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಗಟ್ಟಿಯಾಯಿತು. ಆ ಲಾಭವೂ ನಿಧಾನದ್ದು. ಆ್ಯಂಟಿಬಾಡಿಗಳನ್ನೇ ಬೇಗ ಇಳಿಸುವ ಹೊಸ ಔಷಧಿಗಳು ಬಂದಿವೆ. ಬೆಲೆ ಮಾತ್ರ ಹೆಚ್ಚಿನವರ ಕೈಗೆ ಎಟುಕುವಂಥದ್ದಲ್ಲ.

ಇನ್ನು ಮನೆ. 'ಬೆಳಗ್ಗೆ ಚೆನ್ನಾಗೇ ಇದ್ಯಲ್ಲ, ಈಗೇನಾಯ್ತು?' ಅನ್ನೋ ಪ್ರಶ್ನೆ ಇವರಿಗೆ ಕಾಯಿಲೆಗಿಂತ ಜಾಸ್ತಿ ಚುಚ್ಚುತ್ತದೆ. ಒಂದು ಭೇಟಿಗಾದರೂ ಮನೆಯವರನ್ನು ಕರೆದುಕೊಂಡು ಬನ್ನಿ ಅನ್ನುತ್ತೇನೆ. ಆ ರೆಪ್ಪೆ ಜಾರುವುದನ್ನು ಅವರೂ ಕೂತು ನೋಡಲಿ. ಆಮೇಲೆ ನಾನು ಜಾಸ್ತಿ ಹೇಳಬೇಕಾಗುವುದಿಲ್ಲ. ದಿನದ ಕೆಲಸವನ್ನು ಜೋಡಿಸಿಕೊಳ್ಳುವುದು ರೋಗಿಗಳೇ ಕಲಿಯುತ್ತಾರೆ, ನಮಗಿಂತ ಚೆನ್ನಾಗಿ. ಮುಖ್ಯವಾದ ಮಾತುಕತೆ ಬೆಳಗ್ಗೆ. ಕೈ ಮೇಲೆತ್ತುವ ಕೆಲಸ ಬಿಡುವು ಕೊಟ್ಟು ಕೊಟ್ಟು. ದೊಡ್ಡ ಊಟದ ಬದಲು ಸಣ್ಣ ಸಣ್ಣದು. ಮಾತು, ಊಟ ಎರಡೂ ಒಟ್ಟಿಗೆ ಬೇಡ. ರೆಪ್ಪೆಯನ್ನು ಎತ್ತಿ ಹಿಡಿಯುವ ಸಣ್ಣ ಕಡ್ಡಿಯನ್ನು ಕನ್ನಡಕದ ಫ್ರೇಮಿಗೆ ಕೂರಿಸಿಕೊಳ್ಳಬಹುದು, ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಪರ್ಸಿನಲ್ಲಿ ಒಂದು ಚೀಟಿ ಇರಲಿ. ಕಾಯಿಲೆಯ ಹೆಸರು, ತೆಗೆದುಕೊಳ್ಳುವ ಔಷಧಿ, ಮತ್ತು ಯಾವುದು ಇವರಿಗೆ ಅಪಾಯ ಅನ್ನೋದು. ಸಿಪ್ರೊಫ್ಲಾಕ್ಸಸಿನ್, ಅಜಿಥ್ರೊಮೈಸಿನ್, ಜೆಂಟಾಮೈಸಿನ್‌ನಂಥ ಆ್ಯಂಟಿಬಯೋಟಿಕ್‌ಗಳು, ಬಿಪಿಗೆ ಕೊಡುವ ಬೀಟಾ ಬ್ಲಾಕರ್‌ಗಳು, ಕ್ವಿನೈನ್, ಬೊಟಾಕ್ಸ್, ರಕ್ತನಾಳಕ್ಕೆ ಕೊಡುವ ಮೆಗ್ನೀಷಿಯಂ. ಇವುಗಳಲ್ಲಿ ಕೆಲವನ್ನು ಬೇರೆ ದಾರಿ ಇಲ್ಲದಾಗ ಕಣ್ಣಿಟ್ಟು ಕೊಡುತ್ತೇವೆ. ಆದರೆ ಗೊತ್ತಿಲ್ಲದೆ ಕೊಡುವುದು ಬೇರೆ ಮಾತು. ಹಲ್ಲು ಕೀಳಿಸಲು ಹೋದಾಗಲೂ ಚೀಟಿ ತೋರಿಸಿ.

ನಿಜವಾಗಿ ಹೆದರಬೇಕಾದ್ದು ಉಸಿರಾಟದ ಮಾಂಸಖಂಡ ಸೋತಾಗ. ಹೆಚ್ಚಾಗಿ ಒಂದು ಸೋಂಕಿನ ಬೆನ್ನಲ್ಲೇ ಬರುತ್ತದೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಕೆಮ್ಮಲು ಬಲವಿಲ್ಲ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರೆಳೆಯಬೇಕು. ಮನೆಯಲ್ಲಿ ಜೋರಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಎಣಿಸಿ ನೋಡಿ. 20ರವರೆಗೂ ಹೋಗಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 97 ತೋರಿಸುತ್ತಿದೆ ಅಂತ ಸಮಾಧಾನ ಪಡಬೇಡಿ. ಈ ಕಾಯಿಲೆಯಲ್ಲಿ ಆ ಅಂಕಿ ಇಳಿಯುವುದು ಕೊನೆಗೆ, ಉಸಿರಾಟ ಪೂರ್ತಿ ಸೋತ ಮೇಲೆ. ಆಸ್ಪತ್ರೆಯಲ್ಲಿ ಪ್ಲಾಸ್ಮಾ ಬದಲಿಸುವುದೋ ಇಮ್ಯುನೊಗ್ಲಾಬ್ಯುಲಿನ್ ಕೊಡುವುದೋ ಮಾಡುತ್ತಾರೆ, ಬೇಕಾದರೆ ಕೆಲ ದಿನ ವೆಂಟಿಲೇಟರ್. ಹೊತ್ತಿಗೆ ಸರಿಯಾಗಿ ಬಂದವರು ಹೆಚ್ಚಿನಂಶ ಚೇತರಿಸಿಕೊಂಡು ಮನೆಗೆ ಹೋಗುತ್ತಾರೆ.

ಮದುವೆಯಾಗಬಹುದಾ, ಮಗು ಆಗಬಹುದಾ ಅಂತ ಕೇಳುತ್ತಾರೆ. ಆಗಬಹುದು. ಔಷಧಿಗಳಲ್ಲಿ ಮೈಕೊಫಿನೊಲೇಟ್‌ನಂಥವು ಗರ್ಭಕ್ಕೆ ಆಗಿಬರುವುದಿಲ್ಲ. ಅದಕ್ಕೇ ಬಸಿರಾಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು, ನಾವು ಬದಲಿಸಿ ಕೊಡುತ್ತೇವೆ. ಹುಟ್ಟಿದ ಮಕ್ಕಳಲ್ಲಿ ಹತ್ತಕ್ಕೆ ಒಂದೆರಡು ಮಗುವಿಗೆ ತಾಯಿಯ ಆ್ಯಂಟಿಬಾಡಿಯಿಂದ ಹಾಲು ಕುಡಿಯಲು ಶಕ್ತಿ ಸಾಲದೆ ಹೋಗಬಹುದು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಮಕ್ಕಳ ಡಾಕ್ಟರಿಗೆ ಮೊದಲೇ ಗೊತ್ತಿದ್ದರಾಯಿತು. ಹೆರಿಗೆಯ ಹೊತ್ತಿಗೆ ಬಿಪಿ ತುಂಬ ಏರಿದರೆ ಫಿಟ್ಸ್ ಬರದಿರಲಿ ಅಂತ ಕೊಡುವ ಇಂಜೆಕ್ಷನ್ ಇದೇ ಮೆಗ್ನೀಷಿಯಂ. ಹಾಗಾಗಿ ಪರ್ಸಿನ ಚೀಟಿಯ ಇನ್ನೊಂದು ಪ್ರತಿಯನ್ನು ಹೆರಿಗೆ ಡಾಕ್ಟರ ಫೈಲಿಗೂ ಹಾಕಿಸಿ.