ಹೊಸ ಮಾತ್ರೆ ಬಂದಾಗ ಹಳೆಯದಕ್ಕೇನಾಗುತ್ತದೆ?

ಫಿಟ್ಸ್ ಒಂದು ಮಾತ್ರೆಗೆ ಹತೋಟಿಗೆ ಬರದೆ ಎರಡನೆಯದನ್ನು ಬರೆದಾಗ, ಮಂಡ್ಯ, ಮಳವಳ್ಳಿ ಕಡೆಯಿಂದ ಮೈಸೂರಿಗೆ ಬರುವವರು ಮೊದಲು ಕೇಳುವುದು, "ಇದು ಹೀಟ್ ಆಗಲ್ವಾ ಸಾ?" ಕೇಳಬೇಕಾದ್ದು ಬೇರೆಯೇ ಇದೆ: ಹೊಸದು ಬಂದು ಹಳೆಯದನ್ನು ಏನು ಮಾಡುತ್ತದೆ?

ಬಹುಕಾಲದಿಂದ ಬಳಕೆಯಲ್ಲಿರುವ ಫಿಟ್ಸ್ ಔಷಧಿಗಳಲ್ಲಿ ಹೆಚ್ಚಿನವನ್ನು ಒಡೆದು ಹೊರಹಾಕುವುದು ಲಿವರ್‌ನ ಕಿಣ್ವಗಳು (ಎನ್‌ಜೈಮ್). ಅವುಗಳಲ್ಲಿ ಫೆನಿಟಾಯಿನ್, ಕಾರ್ಬಮಝೆಪಿನ್, ಫಿನೋಬಾರ್ಬಿಟಾಲ್ ಈ ಕಿಣ್ವಗಳನ್ನು ಹೆಚ್ಚಿಸುತ್ತವೆ. ಕಬ್ಬು ಕಡಿಯಲು ಆಳು ಹೆಚ್ಚಿದಂತೆ ಗದ್ದೆ ಬೇಗ ಬರಿದಾಗುತ್ತದಲ್ಲ, ಹಾಗೆ ಜೊತೆಗಿರುವ ಔಷಧಿ ರಕ್ತದಿಂದ ಬೇಗ ಖಾಲಿಯಾಗುತ್ತದೆ. ಇನ್ನೊಂದು ಫಿಟ್ಸ್ ಔಷಧಿ ವಾಲ್‌ಪ್ರೊಯೇಟ್ ಮಾಡುವುದು ಉಲ್ಟಾ, ಅದು ಹಲವು ಕಿಣ್ವಗಳನ್ನು ತಡೆಯುತ್ತದೆ. ಫಿನೋಬಾರ್ಬಿಟಾಲ್ ನುಂಗುತ್ತಿದ್ದ ಹುಡುಗನಿಗೆ ವಾಲ್‌ಪ್ರೊಯೇಟ್ ಸೇರಿಸಿದ ಮೇಲೆ ಕ್ಲಾಸಿನಲ್ಲಿ ತೂಕಡಿಸಿದರೆ, ಅದು ಸೋಮಾರಿತನವಲ್ಲ, ರಕ್ತದಲ್ಲಿ ಏರಿದ ಫಿನೋಬಾರ್ಬಿಟಾಲ್.

ಲ್ಯಾಮೊಟ್ರಿಜಿನ್ ಎಂಬ ಫಿಟ್ಸ್ ಔಷಧಿ ನೋಡಿ. ಒಂಟಿಯಾಗಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 25 ಗಂಟೆ ಬೇಕು. ಕಾರ್ಬಮಝೆಪಿನ್ ಜೊತೆಗಿದ್ದರೆ 14 ಗಂಟೆಯ ಆಸುಪಾಸು, ವಾಲ್‌ಪ್ರೊಯೇಟ್ ಇದ್ದರೆ 60ರ ಸಮೀಪ. ಅದಕ್ಕೇ ವಾಲ್‌ಪ್ರೊಯೇಟ್ ನುಂಗುವ ದೊಡ್ಡವರಿಗೆ ನಾವು 25 ಮಿಲಿಗ್ರಾಂ ಮಾತ್ರೆಯನ್ನು ದಿನ ಬಿಟ್ಟು ದಿನ ಶುರು ಮಾಡುತ್ತೇವೆ. "ಇಷ್ಟು ಚಿಕ್ಕದಾ?" ಎಂದು ಮನೆಯವರು ಅನುಮಾನಪಡುತ್ತಾರೆ. ಅವಸರಪಟ್ಟು ಏರಿಸಿದರೆ ಮೈಮೇಲೆ ಗುಳ್ಳೆ, ಬಾಯಿ ಹುಣ್ಣು, ಕಣ್ಣು ಕೆಂಪಾಗುವುದು ಬರಬಹುದು. ಕೆಲವೊಮ್ಮೆ ಜೀವಕ್ಕೇ ಕುತ್ತು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಬನ್ನಿ.

ಫೆನಿಟಾಯಿನ್ ಇನ್ನೂ ತಂಟೆಯದು. ರಕ್ತದಲ್ಲಿ ಅದರ ಶೇಕಡ 90ರಷ್ಟು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೆದುಳಿಗೆ ಹೋಗಿ ಕೆಲಸ ಮಾಡುವುದು ಅಂಟದೆ ಉಳಿದ ಭಾಗ. ವಾಲ್‌ಪ್ರೊಯೇಟ್ ಅಂಟಿದ್ದನ್ನು ಪ್ರೋಟೀನಿನಿಂದ ಬಿಡಿಸುತ್ತದೆ. ಹೀಗಾಗಿ ರಿಪೋರ್ಟಿನಲ್ಲಿ ಒಟ್ಟು ಪ್ರಮಾಣ ಇರಬೇಕಾದ 10–20ರ (ಮಿಲಿಲೀಟರಿಗೆ ಮೈಕ್ರೋಗ್ರಾಂ) ಕೆಳಗೆ ಕಂಡರೂ, ಬಿಡಿಯಾಗಿರುವ ಔಷಧಿ ಸಾಕಷ್ಟಿರಬಹುದು. ಅಂಕಿ ನೋಡಿ ಡೋಸ್ ಏರಿಸಿದರೆ ರೋಗಿ ತೂರಾಡುತ್ತಾನೆ. ಒಂದು ಹಂತ ದಾಟಿದ ಮೇಲಂತೂ ಫೆನಿಟಾಯಿನ್‌ನ ಸಣ್ಣ ಹೆಚ್ಚಳಕ್ಕೂ ರಕ್ತದ ಮಟ್ಟ ಜಿಗಿಯುತ್ತದೆ. ನಾನು ರಿಪೋರ್ಟಿಗಿಂತ ಮೊದಲು ನಡಿಗೆ, ಕಣ್ಣಿನ ಚಲನೆ ನೋಡುವುದು ಇದಕ್ಕೇ.

ಮಾತ್ರೆ ತೆಗೆದಾಗಲೂ ಲೆಕ್ಕ ಬದಲಾಗುತ್ತದೆ. ಕಾರ್ಬಮಝೆಪಿನ್ ನಿಲ್ಲಿಸಿದ ಮೇಲೆ ಹೆಚ್ಚಿದ ಕಿಣ್ವಗಳು ಮೊದಲಿನಂತಾಗಲು ಎರಡು-ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಉಳಿದ ಔಷಧಿಯ ಮಟ್ಟ ಏರುತ್ತಾ ಹೋಗುತ್ತದೆ. "ಒಂದು ಮಾತ್ರೆ ಕಮ್ಮಿ ಆಯ್ತು, ಸುಸ್ತು ಮಾತ್ರ ಜಾಸ್ತಿ ಆಯ್ತು" ಅನ್ನುವವರು ಸುಳ್ಳು ಹೇಳುತ್ತಿಲ್ಲ.

ಲೆವೆಟಿರಾಸೆಟಮ್ ಎಂಬ ಫಿಟ್ಸ್ ಔಷಧಿ ಈ ಜಗಳದಿಂದ ಬಹುಮಟ್ಟಿಗೆ ದೂರ, ಹೆಚ್ಚಾಗಿ ಕಿಡ್ನಿ ಮೂಲಕ ಹೊರಹೋಗುತ್ತದೆ. ಸಿಟ್ಟು ಹೆಚ್ಚಿಸುವ ಅದರ ಗುಣ ಬೇರೆ ಕಥೆ.

ಗರ್ಭನಿರೋಧಕ ಮಾತ್ರೆ ನುಂಗುವ ಹೆಣ್ಣುಮಕ್ಕಳು ಅದನ್ನು ಮುಚ್ಚಿಡಬೇಡಿ. ಕಾರ್ಬಮಝೆಪಿನ್, ಫೆನಿಟಾಯಿನ್ ಅದರ ಬಲ ಕುಂದಿಸುತ್ತವೆ. ಈಸ್ಟ್ರೊಜೆನ್ ಇರುವ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನು ಅರ್ಧದಷ್ಟಕ್ಕೆ ಇಳಿಸಬಲ್ಲದು. ಗಂಟಲುನೋವಿಗೆ ಕೊಡುವ ಕ್ಲಾರಿಥ್ರೊಮೈಸಿನ್ ಕಾರ್ಬಮಝೆಪಿನ್ ಮಟ್ಟ ಏರಿಸುತ್ತದೆ. ಆದ್ದರಿಂದ ಯಾವ ಡಾಕ್ಟರ ಹತ್ತಿರ ಹೋದರೂ ಫಿಟ್ಸ್ ಚೀಟಿ ತೋರಿಸಿ.

ಔಷಧಿಯ ಮಟ್ಟ ನೋಡಲು ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೆ ಜೊತೆಗೆ ತನ್ನಿ. ರಕ್ತ ಕೊಟ್ಟ ತಕ್ಷಣ ನುಂಗಿ, ಬಸ್ಸಿಗೆ ಹೊತ್ತಾಯಿತೆಂದು ಮರೆಯಬೇಡಿ.